ಇಂಗ್ಲಿಷ್ ವಾಕ್ಯದಲ್ಲಿ ಎರಡು ಕರ್ಮಗಳನ್ನು ಗುರುತಿಸುವ ಬಗೆ

ಮಂಡ್ಯದ ನಮ್ಮ ಮನೆಯ ಜಗಲಿಯಲ್ಲಿ ಸಂಜೆಯ ಪಾಠಕ್ಕೆ ಕೂರುವ ಹತ್ತನೆಯ ತರಗತಿಯ ಮಕ್ಕಳಿಗೆ ಡೈರೆಕ್ಟ್ ಆಬ್ಜೆಕ್ಟ್, ಇನ್‌ಡೈರೆಕ್ಟ್ ಆಬ್ಜೆಕ್ಟ್ ಎಂಬ ಹೆಸರುಗಳು ಬಾಯಿಪಾಠವಾಗಿರುತ್ತವೆ; ಒಂದು ವಾಕ್ಯವನ್ನು ಕೊಟ್ಟು ಬೆರಳಿಟ್ಟು ತೋರಿಸಿ ಎಂದರೆ ಮಾತ್ರ ತಡವರಿಸುತ್ತಾರೆ. ಇದೇ ಸಂಗತಿಯನ್ನು ಅವರು ಕನ್ನಡದ ವಿಭಕ್ತಿ ಪಾಠದಲ್ಲಿ ಆಗಲೇ ಕಲಿತಿರುವುದರಿಂದ ನಾನು ಅಲ್ಲಿಂದಲೇ ಆರಂಭಿಸುತ್ತೇನೆ.

‘ರೈತನು ಮಗುವಿಗೆ ಬೆಲ್ಲವನ್ನು ಕೊಟ್ಟನು’ ಎಂಬಲ್ಲಿ ದ್ವಿತೀಯಾ ವಿಭಕ್ತಿಯ ‘ಬೆಲ್ಲವನ್ನು’ ಡೈರೆಕ್ಟ್ ಆಬ್ಜೆಕ್ಟ್. ಚತುರ್ಥಿಯ ‘ಮಗುವಿಗೆ’ ಇನ್‌ಡೈರೆಕ್ಟ್. ಇಂಗ್ಲಿಷಿನ ‘ದಿ ಫಾರ್ಮರ್ ಗೇವ್ ದಿ ಚೈಲ್ಡ್ ಜ್ಯಾಗರಿ’ ವಾಕ್ಯದಲ್ಲಿ ಇಂಥ ಪ್ರತ್ಯಯಗಳಿಲ್ಲ. ಪ್ರತ್ಯಯ ಮಾಡುವ ಕೆಲಸವನ್ನು ಅಲ್ಲಿ ಪದಗಳ ಸ್ಥಾನವೇ ಮಾಡುತ್ತದೆ. ಇಂಥ ವಾಕ್ಯದಲ್ಲಿ ಕ್ರಿಯಾಪದದ ನಂತರ ಮೊದಲು ಬರುವುದು ಪಡೆಯುವವರು, ಆಮೇಲೆ ಬರುವುದು ಪಡೆದ ವಸ್ತು.

ಗುರುತಿಸುವಾಗ ಮೊದಲು ಕ್ರಿಯಾಪದವನ್ನು ಹುಡುಕಿ, ಅದಕ್ಕೆ ‘ಏನನ್ನು?’ ಅಥವಾ ‘ಯಾರನ್ನು?’ ಎಂದು ಕೇಳಬೇಕು. ಕೊಟ್ಟದ್ದು ಏನನ್ನು? ಜ್ಯಾಗರಿ. ಅನಂತರವಷ್ಟೇ ‘ಯಾರಿಗೆ?’ ಎಂದು ಕೇಳಬೇಕು. ಇನ್‌ಡೈರೆಕ್ಟ್ ಆಬ್ಜೆಕ್ಟ್ ಸಾಮಾನ್ಯವಾಗಿ ಡೈರೆಕ್ಟ್ ಆಬ್ಜೆಕ್ಟಿನ ಜೊತೆಯಲ್ಲಿಯೇ ಬರುವುದರಿಂದ ಪ್ರಶ್ನೆಗಳ ಈ ಕ್ರಮವನ್ನು ಅದಲುಬದಲು ಮಾಡಬಾರದು.

ಉತ್ತರ ಸರಿಯೇ ಎಂದು ನೋಡಲು ಆ ಎರಡು ಪದಗಳನ್ನು ಹಿಂದುಮುಂದು ಮಾಡಿ, ನಡುವೆ ‘ಟು’ ಅಥವಾ ‘ಫಾರ್’ ಇಟ್ಟು ಓದಬೇಕು: ‘ಗೇವ್ ಜ್ಯಾಗರಿ ಟು ದಿ ಚೈಲ್ಡ್’. ಗಿವ್, ಸೆಂಡ್, ಷೋ, ಲೆಂಡ್ ಮುಂತಾದವು ‘ಟು’ವನ್ನು ಬೇಡುತ್ತವೆ, ಬೈ, ಮೇಕ್, ಕುಕ್ ಮುಂತಾದವು ‘ಫಾರ್’ ಬೇಡುತ್ತವೆ. ‘ಮೈ ಮದರ್ ಬಾಟ್ ಮಿ ಎ ಸ್ಯಾರಿ’ ಎಂಬುದು ‘ಬಾಟ್ ಎ ಸ್ಯಾರಿ ಫಾರ್ ಮಿ’ ಆಗುತ್ತದೆ. ಹೀಗೆ ‘ಟು’ ಸೇರಿದ ಮೇಲೂ ಅದನ್ನು ಇನ್‌ಡೈರೆಕ್ಟ್ ಆಬ್ಜೆಕ್ಟ್ ಎನ್ನಬೇಕೇ ಎಂಬುದರಲ್ಲಿ ವ್ಯಾಕರಣಗಳಿಗೆ ಒಮ್ಮತವಿಲ್ಲ. ಪರೀಕ್ಷೆಗೆ ಓದುವವರು ತಮ್ಮ ಪಠ್ಯಪುಸ್ತಕವನ್ನು ಅನುಸರಿಸುವುದೇ ಕ್ಷೇಮ.

ಇಷ್ಟರವರೆಗೆ ಕನ್ನಡ ಕೈಹಿಡಿದು ನಡೆಸುತ್ತದೆ, ಮುಂದೆ ಅದೇ ದಾರಿ ತಪ್ಪಿಸುತ್ತದೆ. ಒಬ್ಬ ಹುಡುಗಿ ‘ಐ ಕಾಲ್ಡ್ ಹಿಮ್’ ಎಂಬ ವಾಕ್ಯದ ‘ಹಿಮ್’ ಕೆಳಗೆ ಗೆರೆ ಎಳೆದು ಇನ್‌ಡೈರೆಕ್ಟ್ ಎಂದು ಬರೆದಿದ್ದಳು. ಏಕಮ್ಮಾ ಎಂದು ಕೇಳಿದರೆ, ‘ಅವನಿಗೆ ಫೋನ್ ಮಾಡಿದೆ, ಅಲ್ವಾ ಸಾರ್?’ ಎಂದಳು. ಅವಳ ತರ್ಕದಲ್ಲಿ ತಪ್ಪಿರಲಿಲ್ಲ. ಆದರೆ ಅವಳು ಪ್ರಶ್ನೆ ಹಾಕಿದ್ದು ಇಂಗ್ಲಿಷ್ ಕ್ರಿಯಾಪದಕ್ಕಲ್ಲ, ಅದರ ಕನ್ನಡ ಅನುವಾದಕ್ಕೆ. ‘ಫೋನ್ ಮಾಡು’ ಎಂಬಲ್ಲಿ ‘ಫೋನ್’ ಆಗಲೇ ಕರ್ಮದ ಜಾಗದಲ್ಲಿ ಕುಳಿತಿರುವುದರಿಂದ ವ್ಯಕ್ತಿಗೆ ‘ಗೆ’ ಬರುತ್ತದೆ. ‘ಕಾಲ್’ ಎಂಬುದಾದರೋ ವ್ಯಕ್ತಿಯನ್ನೇ ನೇರವಾಗಿ ಕರ್ಮವಾಗಿ ತೆಗೆದುಕೊಳ್ಳುತ್ತದೆ. ‘ಕಾಲ್ಡ್ ಟು ಹಿಮ್’ ಎಂದರೆ ದೂರದಲ್ಲಿದ್ದವನನ್ನು ಕೂಗಿದಂತಾಗುತ್ತದೆ. ‘ನಮಗೆ ಸಹಾಯ ಮಾಡಿದಳು’ ಎಂಬುದರ ‘ಷಿ ಹೆಲ್ಪ್ಡ್ ಅಸ್’ ಕೂಡ ಹೀಗೆಯೇ: ‘ಅಸ್’ ಡೈರೆಕ್ಟ್ ಆಬ್ಜೆಕ್ಟ್.

ಊರಿನ ಹೆಸರುಗಳಲ್ಲಿಯೂ ಇದೇ ಮೋಸ. ‘ಮೈಸೂರಿಗೆ ಪಾರ್ಸೆಲ್ ಕಳಿಸಿದೆ’, ‘ತಂಗಿಗೆ ಪಾರ್ಸೆಲ್ ಕಳಿಸಿದೆ’ ಎಂಬ ಎರಡರಲ್ಲೂ ನಮಗೆ ‘ಗೆ’ ಒಂದೇ. ಇಂಗ್ಲಿಷಿನಲ್ಲಿ ‘ಐ ಸೆಂಟ್ ಮೈ ಸಿಸ್ಟರ್ ದಿ ಪಾರ್ಸೆಲ್’ ಸರಿ. ‘ಐ ಸೆಂಟ್ ಮೈಸೂರು ದಿ ಪಾರ್ಸೆಲ್’ ಎಂದರೆ ಸರಿಹೋಗದು. ಮೈಸೂರು ಅಲ್ಲಿ ತಲುಪುವ ಸ್ಥಳ, ಪಡೆಯುವವರಲ್ಲ. ಆದ್ದರಿಂದ ಅದು ಇನ್‌ಡೈರೆಕ್ಟ್ ಆಬ್ಜೆಕ್ಟ್ ಅಲ್ಲ.

‘ಎಕ್ಸ್‌ಪ್ಲೇನ್’, ‘ಸಜೆಸ್ಟ್’ ಮುಂತಾದ ಕ್ರಿಯಾಪದಗಳು ಎರಡು ಕರ್ಮಗಳನ್ನು ಪಕ್ಕಪಕ್ಕದಲ್ಲಿ ಸಹಿಸುವುದಿಲ್ಲ. ‘ಹಿ ಎಕ್ಸ್‌ಪ್ಲೇನ್ಡ್ ಮಿ ದಿ ಸಮ್’ ಎಂಬ ತಪ್ಪನ್ನು ನಮ್ಮ ಕಡೆ ಮಕ್ಕಳಿಗಿಂತ ದೊಡ್ಡವರೇ ಹೆಚ್ಚು ಮಾಡುತ್ತಾರೆ. ‘ಎಕ್ಸ್‌ಪ್ಲೇನ್ಡ್ ದಿ ಸಮ್ ಟು ಮಿ’ ಎನ್ನಬೇಕು.

‘ಹಿ ಬಿಕೇಮ್ ಎ ಡಾಕ್ಟರ್’ ಎಂಬಲ್ಲಿ ಕೇಳಬೇಕಾದದ್ದು ‘ಏನಾದ?’ ಎಂದು, ‘ಏನನ್ನು?’ ಎಂದಲ್ಲ, ಆದ್ದರಿಂದ ಅಲ್ಲಿ ಕರ್ಮವೇ ಇಲ್ಲ. ‘ಷಿ ಟೋಲ್ಡ್ ಅಸ್ ಎ ಸ್ಟೋರಿ ಅಟ್ ನೈಟ್’ ಎಂಬಲ್ಲಿ ‘ಸ್ಟೋರಿ’ ಡೈರೆಕ್ಟ್, ‘ಅಸ್’ ಇನ್‌ಡೈರೆಕ್ಟ್. ‘ಅಟ್ ನೈಟ್’ ‘ಯಾವಾಗ?’ ಎಂಬುದಕ್ಕೆ ಉತ್ತರವಾದ್ದರಿಂದ ಅದನ್ನು ಎರಡರಲ್ಲಿಯೂ ಸೇರಿಸದೆ ಬಿಡಬೇಕು.