ಮಿಡಿ ಇಲ್ಲದೆ ಟೆಸ್ಲಾ ಕಾಯಿಲ್‌ನಲ್ಲಿ ಕೊಳಲು: ಕಾರವಾರದ ಉಪ್ಪುಗಾಳಿಯಲ್ಲಿ ನನ್ನ ಅನುಭವ

ಟೆಸ್ಲಾ ಕಾಯಿಲ್ ಅಂದರೆ ಅತಿ ಹೆಚ್ಚು ವೋಲ್ಟೇಜ್ ಹುಟ್ಟಿಸಿ ಗಾಳಿಯಲ್ಲಿ ಕಿಡಿ ಹಾರಿಸುವ ಸುರುಳಿ; ಕಿಡಿ ಸ್ವರದ ವೇಗದಲ್ಲಿ ಹಾರಿದರೆ ಅದೇ ಹಾಡುತ್ತದೆ. ಅದು ಹಾಡಬೇಕಾದರೆ ಮಿಡಿಯೇ (ಸ್ವರಗಳನ್ನು ಸಂಖ್ಯೆಗಳಾಗಿ ಕಳಿಸುವ ಡಿಜಿಟಲ್ ಪದ್ಧತಿ) ಬೇಕು, ಆಡಿಯೊ ನೇರ ಕೊಟ್ಟರೆ ಬರೀ ಗರಗರ ಎನ್ನುವವರೇ ಹೆಚ್ಚು. ಗರಗರ ಬರುವುದು ನಿಜ. ಅದರ ಮೂಲ ಕಂಪೇರೇಟರ್‌ಗೆ (ಎರಡು ವೋಲ್ಟೇಜ್ ಹೋಲಿಸುವ ಚಿಪ್) ಹೋಗುವ ಸಿಗ್ನಲ್‌ನಲ್ಲಿದೆ, ಅಲ್ಲಿ ಸರಿ ಮಾಡಿದರೆ ಹೋಗುತ್ತದೆ. ಈಗ ನನ್ನ ಕಾಯಿಲ್ ಬಾನ್ಸುರಿಯ ಆಲಾಪವನ್ನು ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವ ನಡೆ) ಸಮೇತ ನುಡಿಸುತ್ತದೆ. ಮಿಡಿಯಲ್ಲಿ ಅದೇ ಮೀಂಡ್ ಬರಿಸಲು ಪಿಚ್ ಬೆಂಡ್ ತಿದ್ದುತ್ತ ವಾರಗಟ್ಟಲೆ ಕೂರಬೇಕು.

ಕಾಯಿಲ್ ಸಾಮಾನ್ಯದ್ದೇ, ಹಾಫ್ ಬ್ರಿಡ್ಜ್ ಎಸ್‌ಎಸ್‌ಟಿಸಿ, ಅಂದರೆ ಎರಡು ಮಾಸ್ಫೆಟ್ (ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ನಡೆಸುವ ಸಾಲಿಡ್ ಸ್ಟೇಟ್ ಟೆಸ್ಲಾ ಕಾಯಿಲ್. ಸೆಕೆಂಡರಿ, ಅಂದರೆ ಕಿಡಿ ಹುಟ್ಟಿಸುವ ಸುರುಳಿ, 110 ಮಿ.ಮೀ. ಪಿವಿಸಿ ಪೈಪಿನ ಮೇಲೆ 30 ಗೇಜ್ ಎನಾಮೆಲ್ ತಂತಿ, 45 ಸೆಂ.ಮೀ. ಉದ್ದಕ್ಕೆ ಸುಮಾರು 1,280 ಸುತ್ತು. ತಂತಿ ಮುನ್ನೂರು ಗ್ರಾಂ ಚಿಲ್ಲರೆ ಬೇಕು, ಅರ್ಧ ಕಿಲೋ ತಂದುಬಿಡಿ. ಶಿರಸಿಯಲ್ಲಿ ತೋಟದ ಪಂಪ್‌ಸೆಟ್ ರಿವೈಂಡಿಂಗ್ ಮಾಡುವ ಅಂಗಡಿಗಳಲ್ಲಿ ತೂಕಕ್ಕೆ ಸಿಗುತ್ತದೆ, ಕೊರಿಯರ್ ಖರ್ಚು ಉಳಿಯುತ್ತದೆ. ಸುರುಳಿಯ ತಲೆಯ ಮೇಲೆ ಕೂರುವ ಟಾಪ್‌ಲೋಡ್‌ಗೆ ಅಡುಗೆಮನೆ ಚಿಮಣಿಯ ಅಲ್ಯುಮಿನಿಯಂ ಡಕ್ಟ್ ಪೈಪ್ ಬಳೆಯಾಗಿ ಬಾಗಿಸಿ ಕಟ್ಟಿದ್ದು, ಹೊರವ್ಯಾಸ 25 ಸೆಂ.ಮೀ. ರೆಸೊನೆನ್ಸ್ (ಕಾಯಿಲ್ ತಾನಾಗಿ ಕಂಪಿಸುವ ಆವರ್ತನ) 185 ಕಿಲೋಹರ್ಟ್ಸ್ ಆಸುಪಾಸು. ಸೆಕೆಂಡರಿಗೆ ಶಕ್ತಿ ಕೊಡುವ ಸುರುಳಿ, ಅಂದರೆ ಪ್ರೈಮರಿ, 2.5 ಚದರ ಮಿ.ಮೀ. ಮನೆ ವೈರಿಂಗ್ ತಂತಿ, ಏಳು ಸುತ್ತು.

ಮಾಸ್ಫೆಟ್‌ಗಳ ಗೇಟ್ ನಡೆಸುವ ಡ್ರೈವರ್‌ಗೆ ಯುಸಿಸಿ 27425 ಚಿಪ್. ಕಾಯಿಲ್‌ನ ಕಂಪನ ಹಿಡಿಯುವ ಆಂಟೆನಾದ ಫೀಡ್‌ಬ್ಯಾಕ್ 74ಎಚ್‌ಸಿ14 ಇನ್ವರ್ಟರ್ ಚಿಪ್ ಮೂಲಕ ಅದರ ಇನ್‌ಪುಟ್‌ಗೆ, ಆಡಿಯೊದಿಂದ ಬಂದ ಪಲ್ಸ್ ಎನೇಬಲ್ ಪಿನ್ನಿಗೆ. ಗೇಟ್ ಟ್ರಾನ್ಸ್‌ಫಾರ್ಮರ್ ಫೆರೈಟ್ ಟೊರಾಯ್ಡ್ ಮೇಲೆ ಲ್ಯಾನ್ ಕೇಬಲ್‌ನ ತಂತಿ, ಹನ್ನೆರಡು ಸುತ್ತು. ಹಳೇ ಕಂಪ್ಯೂಟರ್ ಪವರ್ ಸಪ್ಲೈಯಿಂದ ಕಿತ್ತ ಹಳದಿ-ಬಿಳಿ ಟೊರಾಯ್ಡ್ ಕಬ್ಬಿಣದ ಪುಡಿಯದ್ದು, ಇದಕ್ಕೆ ಬರುವುದಿಲ್ಲ. ಕಿಡಿಯೇ ಬರದಿದ್ದರೆ ಮೊದಲು ಪ್ರೈಮರಿಯ ಎರಡು ತುದಿ ಅದಲುಬದಲು ಮಾಡಿ.

ದುಡ್ಡು ಹೋಗಿದ್ದು ಮಾಸ್ಫೆಟ್‌ಗಳಲ್ಲಿ. ಒಟ್ಟು ಖರ್ಚು ಏಳು ಸಾವಿರದ ಹತ್ತಿರ, ಅದರಲ್ಲಿ ಎರಡು ಸಾವಿರ ಸುಟ್ಟ ಐಆರ್‌ಎಫ್‌ಪಿ 460 ಗಳದ್ದೇ ಇರಬೇಕು. ಅಗ್ಗಕ್ಕೆ ಸಿಗುವವುಗಳಲ್ಲಿ ನಕಲಿ ಬಹಳ. ಡ್ರೈನ್ ಮತ್ತು ಸೋರ್ಸ್ ಸೇರಿಸಿ ಗೇಟ್‌ನ ಕೆಪ್ಯಾಸಿಟೆನ್ಸ್ ಅಳೆಯಿರಿ: ಅಸಲಿಯಾದರೆ ನಾಲ್ಕು ನ್ಯಾನೋಫ್ಯಾರಡ್ ಅಥವಾ ಅದಕ್ಕೂ ಮೇಲೆ, ಒಂದೂವರೆ ತೋರಿಸಿದರೆ ಒಳಗಿರುವುದು ಸಣ್ಣ ಚಿಪ್. ಅಸಲಿಯದ್ದೇ ಆದರೂ 230 ವೋಲ್ಟ್ ನೇರ ಕೊಡಬೇಡಿ. ಮೊದಲು ಸರಣಿಯಲ್ಲಿ 100 ವಾಟ್ ಫಿಲಮೆಂಟ್ ಬಲ್ಬ್ ಇರಲಿ. ಪಲ್ಸ್ ನಿಂತಿರುವಾಗಲೂ ಬಲ್ಬ್ ಉರಿಯುತ್ತಿದ್ದರೆ ಬ್ರಿಡ್ಜ್ ಶಾರ್ಟ್ ಆಗಿದೆ. ಮೇನ್ಸನ್ನು ಡಿಸಿ ಮಾಡಿ ಬ್ರಿಡ್ಜ್‌ಗೆ ಕೊಡುವ ಬಸ್ 325 ವೋಲ್ಟ್, ಅದರ ಮೇಲೆ 1,000 ಮೈಕ್ರೋಫ್ಯಾರಡ್‌ನ ಎರಡು ಕೆಪ್ಯಾಸಿಟರ್ ಸರಣಿಯಲ್ಲಿ. ಫಿಲ್ಟರ್ ಕಡಿಮೆಯಾದರೆ 100 ಹರ್ಟ್ಸ್ ಹಮ್ ಪ್ರತಿ ಸ್ವರದ ಕೆಳಗೂ ಕೂತಿರುತ್ತದೆ. ಕೆಪ್ಯಾಸಿಟರ್ ಖಾಲಿ ಮಾಡುವ ಬ್ಲೀಡರ್ ರೆಸಿಸ್ಟರ್ ಹಾಕಿ, ಆದರೂ ಮೀಟರ್ ಹಿಡಿದು ನೋಡದೆ ಕೈ ಹಾಕಬೇಡಿ.

ಇನ್ನು ಆಡಿಯೊ. ಮೊದಲು 100 ಹರ್ಟ್ಸ್‌ನಿಂದ 1,000 ಹರ್ಟ್ಸ್ ವರೆಗಿನದ್ದು ಮಾತ್ರ ಉಳಿಯುವಂತೆ ಎರಡು ಹಂತದ ಫಿಲ್ಟರ್, ಆಮೇಲೆ ಎಲ್‌ಎಂ393 ಕಂಪೇರೇಟರ್, ಆಮೇಲೆ ಪ್ರತಿ ಟ್ರಿಗರ್‌ಗೆ ನಿಗದಿತ ಅಗಲದ ಒಂದು ಪಲ್ಸ್ ಕೊಡುವ 555 ಮಾನೊಸ್ಟೇಬಲ್. ಸ್ವರದ ಪ್ರತಿ ಆವರ್ತಕ್ಕೆ ಒಂದೇ ಪಲ್ಸ್ ಹೋಗಬೇಕು, ಗುಟ್ಟೆಲ್ಲ ಇಷ್ಟೇ. ಎಲ್ಲರೂ ಕಂಪೇರೇಟರನ್ನು ಸೊನ್ನೆಗೆ ಕಟ್ಟುತ್ತಾರೆ. ಹಾರ್ಮೋನಿಕ್ಸ್ ಹೆಚ್ಚಿರುವ ದನಿ ಒಂದೇ ಆವರ್ತದಲ್ಲಿ ಎರಡು ಮೂರು ಸಲ ಕೆಳಗಿಂದ ಮೇಲಕ್ಕೆ ಸೊನ್ನೆ ದಾಟುತ್ತದೆ, ಸ್ವರ ಮೇಲಿನ ಸಪ್ತಕಕ್ಕೆ ಹಾರುತ್ತದೆ, ಮರಳಿ ಬೀಳುತ್ತದೆ. ಗರಗರ ಅಂದರೆ ಇದೇ. ಬದಲಿಗೆ ಪೀಕ್ ಡಿಟೆಕ್ಟರ್ (ಅಲೆಯ ಶಿಖರದ ವೋಲ್ಟೇಜನ್ನು ಹಿಡಿದಿಡುವ ಸರ್ಕ್ಯೂಟ್) ಇಟ್ಟು, ಆ ಪೀಕ್‌ನ ಮುಕ್ಕಾಲು ಭಾಗವನ್ನು ಥ್ರೆಶೋಲ್ಡ್ ಮಾಡಿದರೆ ಆವರ್ತದ ಅತಿ ಎತ್ತರದ ಶಿಖರ ಮಾತ್ರ ಟ್ರಿಗರ್ ಮಾಡುತ್ತದೆ. ಪೀಕ್ ಡಿಟೆಕ್ಟರ್ ಎಷ್ಟು ಬೇಗ ಇಳಿಯಬೇಕು ಎನ್ನುವುದರ ಮೇಲೆ ಎಲ್ಲ ನಿಂತಿದೆ. ಆ ಆರ್‌ಸಿ (ರೆಸಿಸ್ಟರ್-ಕೆಪ್ಯಾಸಿಟರ್) ಮೌಲ್ಯ ಸದ್ಯ ನನ್ನ ಹತ್ತಿರವೇ ಇರಲಿ. ಆಸಿಲೊಸ್ಕೋಪ್ ಇದ್ದವರಿಗೆ ಒಂದು ಸಂಜೆಯಲ್ಲಿ ಸಿಗುತ್ತದೆ.

ಪಲ್ಸ್ ಅಗಲ 80 ಮೈಕ್ರೋಸೆಕೆಂಡ್, ಅಂದರೆ 185 ಕಿಲೋಹರ್ಟ್ಸ್‌ನಲ್ಲಿ ಹದಿನೈದು ಆವರ್ತ. 440 ಹರ್ಟ್ಸ್ ಸ್ವರಕ್ಕೆ ಡ್ಯೂಟಿ (ಒಟ್ಟು ಸಮಯದಲ್ಲಿ ಪಲ್ಸ್ ಇರುವ ಪಾಲು) ಮೂರೂವರೆ ಶೇಕಡಾ, 1,000ಕ್ಕೆ ಎಂಟು. ಹತ್ತು ದಾಟಿದರೆ ಹೀಟ್‌ಸಿಂಕ್ ಮುಟ್ಟಲಾಗದು. ಅದಕ್ಕೇ ಒಂದು ಪಲ್ಸ್ ಆದ ಮೇಲೆ 0.8 ಮಿಲಿಸೆಕೆಂಡ್ ಇನ್ನೊಂದು ಬಾರದಂತೆ ಲಾಕ್‌ಔಟ್ ಬೇಕು. ದನಿಯ ಏರಿಳಿತ ಬೇಕೆಂದರೆ ಆಡಿಯೊದ ಎನ್ವೆಲಪ್ಪನ್ನು (ದನಿಯ ಮಟ್ಟವನ್ನು) 555ರ ಐದನೇ ಪಿನ್ನಿಗೆ ಕೊಡಿ: ಗಟ್ಟಿ ಊದಿದಾಗ ಪಲ್ಸ್ ಅಗಲವಾಗಿ ಕಿಡಿ ಉದ್ದವಾಗುತ್ತದೆ, ಮೆಲ್ಲಗಾದಾಗ ಕುಗ್ಗುತ್ತದೆ. 100 ಮೈಕ್ರೋಸೆಕೆಂಡ್ ದಾಟದಂತೆ ಕಡಿವಾಣಕ್ಕೆ ಇನ್ನೊಂದು 555 ಇರಲೇಬೇಕು.

ಮೊಬೈಲನ್ನು ತಂತಿಯಲ್ಲಿ ಜೋಡಿಸಲೇಬೇಡಿ. ಬ್ಯಾಟರಿಯ ಬ್ಲೂಟೂತ್ ಮಾಡ್ಯೂಲ್ ಮತ್ತು ಆಡಿಯೊ ಬೋರ್ಡ್ ಒಂದು ತಗಡಿನ ಡಬ್ಬಿಯಲ್ಲಿ, ಅಲ್ಲಿಂದ ಡ್ರೈವರ್‌ವರೆಗೆ ಪ್ಲಾಸ್ಟಿಕ್ ಆಪ್ಟಿಕಲ್ ಫೈಬರ್. ಹಳೇ ಡಿವಿಡಿ ಪ್ಲೇಯರ್‌ಗಳ ಆಪ್ಟಿಕಲ್ ರಿಸೀವರ್‌ಗಳಲ್ಲಿ ಕೆಲವು ನಿಧಾನದ ಪಲ್ಸ್‌ಗೆ ಒಗ್ಗುವುದಿಲ್ಲ, ಬೆಳಕಿಲ್ಲದಾಗಲೂ ಔಟ್‌ಪುಟ್ ತಾನೇ ಕುಣಿಯುತ್ತದೆ. ಡಿಸಿಯಿಂದಲೇ ಕೆಲಸ ಮಾಡುವ ರಿಸೀವರ್ ಎಂದು ಡೇಟಾಶೀಟ್ ನೋಡಿ ತನ್ನಿ.

ಯಾವ ಸಂಗೀತ? ಒಂಟಿ ದನಿ ಮಾತ್ರ. ಬಾನ್ಸುರಿಯ ಅಲೆ ಹೆಚ್ಚುಕಡಿಮೆ ಸೈನ್, ಅದು ಮೊದಲ ದಿನವೇ ಬಂತು. ಷಡ್ಜ 330 ಹರ್ಟ್ಸ್‌ನ ಕೊಳಲಾದರೆ ತಾರದ ಮೇಲು ಸ್ವರಗಳನ್ನು ಬಿಟ್ಟು ಉಳಿದೆಲ್ಲ ಮಿತಿಯೊಳಗೇ ಇರುತ್ತದೆ. ಕೇಳುವುದು ಮಾತ್ರ ಕೊಳಲಿನ ನಾದವಲ್ಲ, ಪುಂಗಿಯಂಥ ಚೂಪು ದನಿ. ಯಕ್ಷಗಾನ ಭಾಗವತರ ಪದವೊಂದನ್ನೂ ಪ್ರಯತ್ನಿಸಿದೆ. ಹಾರ್ಮೋನಿಯಂ ಶ್ರುತಿ ಹಿಂದೆ ಇದ್ದರೆ ಎರಡೂ ಕಲಸಿಹೋಗುತ್ತವೆ; ಶ್ರುತಿ, ಮದ್ದಳೆ, ಚಂಡೆ ಯಾವುದೂ ಇಲ್ಲದೆ ಬರೀ ಕಂಠ ರೆಕಾರ್ಡ್ ಮಾಡಿದಾಗ ರಾಗ ಗುರುತು ಸಿಗುವಷ್ಟು ಸ್ಪಷ್ಟ. ಸಾಹಿತ್ಯ ಕೇಳುವುದಿಲ್ಲ. ಚಂಡೆಯ ಬಿಡ್ತಿಗೆಯ (ಯಕ್ಷಗಾನದ ಒಂದು ನುಡಿತದ) ಒಂದೊಂದು ಪೆಟ್ಟಿಗೂ ಒಂದು ಕಿಡಿ ಗೊಂಚಲು, ನೋಡಲು ಮಾತ್ರ ಚಂದ.

ಪೂರ್ತಿ ಹಾಡು ಮಾತು ಸಮೇತ ಬೇಕು ಎನ್ನುವವರಿಗೆ ಈ ಗಾತ್ರದ ಕಾಯಿಲ್ ಆಗದು. ಅದಕ್ಕೆ 40 ಕಿಲೋಹರ್ಟ್ಸ್‌ನಲ್ಲಿ ಪಿಡಬ್ಲ್ಯೂಎಂ (ಪಲ್ಸ್‌ನ ಅಗಲ ಬದಲಿಸಿ ದನಿ ಮೂಡಿಸುವ ವಿಧಾನ) ಬೇಕು, ಅದರ ಇಡೀ ಅವಧಿ 25 ಮೈಕ್ರೋಸೆಕೆಂಡ್. 185 ಕಿಲೋಹರ್ಟ್ಸ್ ಕಾಯಿಲ್ ಅಷ್ಟರಲ್ಲಿ ಐದು ಆವರ್ತವೂ ಮುಗಿಸಿರುವುದಿಲ್ಲ, ಕಿಡಿ ಎಲ್ಲಿಂದ ಬರಬೇಕು? ಕೆಲವು ಮೆಗಾಹರ್ಟ್ಸ್‌ನ ಕ್ಲಾಸ್ ಇ ಎಂಬ ಇನ್ನೊಂದು ಬಗೆಯ ಕಾಯಿಲ್‌ನಲ್ಲಿ ಆಗುತ್ತದೆ, ಜ್ವಾಲೆ ಮಾತ್ರ ಬೆರಳುದ್ದ.

ಕರಾವಳಿಯವರಿಗೆ ಪ್ರತ್ಯೇಕವಾಗಿ ಎರಡು ಮಾತು. ಸೆಕೆಂಡರಿಯನ್ನು ಫೆಬ್ರವರಿ-ಮಾರ್ಚ್‌ನಲ್ಲಿ ಸುತ್ತಿ, ಪೈಪನ್ನು ಬಿಸಿಲಲ್ಲಿ ಒಣಗಿಸಿ, ವಾರ್ನಿಷ್ ಐದಾರು ಕೋಟ್ ಕೊಡಿ. ಜೂನ್‌ನಲ್ಲಿ ಬಳಿದರೆ ವಾರ್ನಿಷ್ ಬೆಳ್ಳಗಾಗಿ ಒಳಗೆ ತೇವ ಉಳಿಯುತ್ತದೆ, ಸುತ್ತುಗಳ ಮೇಲೆಯೇ ಕಿಡಿ ಹರಿದು ಕಪ್ಪು ಗೆರೆ ಬೀಳುತ್ತದೆ. ಉಪ್ಪಿನ ಪದರ ಕೂತಿದ್ದರೆ ಬಳಸುವ ಮೊದಲು ಸ್ಪಿರಿಟ್ ಬಟ್ಟೆಯಿಂದ ಒರೆಸಿ. ಕಿಡಿ ಹಾರುವ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಇಡಿ. ಕಬ್ಬಿಣದ ಸೂಜಿ ವಾರದಲ್ಲಿ ತುಕ್ಕು ಹಿಡಿದು ಕಿಡಿ ಜಾಗ ಬದಲಿಸುತ್ತದೆ, ಸ್ವರ ಒಡೆಯುತ್ತದೆ. ಸೆಕೆಂಡರಿಯ ಅರ್ಥಿಂಗ್ ಮನೆಯ ವೈರಿಂಗ್‌ಗೆ ಕೊಟ್ಟರೆ ಫ್ಯಾನ್ ರೆಗ್ಯುಲೇಟರ್, ಎಲ್‌ಇಡಿ ಬಲ್ಬ್ ಕೆಡುತ್ತವೆ. ಬೇರೆ ಜಿಐ ಪೈಪ್ ಹೂತು ಇದ್ದಿಲು-ಉಪ್ಪು ತುಂಬಿ. ಚಿರೇಕಲ್ಲಿನ ನೆಲ ಏಪ್ರಿಲ್-ಮೇನಲ್ಲಿ ಪೂರ್ತಿ ಒಣಗುತ್ತದೆ, ಆಗ ನುಡಿಸುವ ಮುಂಚೆ ಗುಂಡಿಗೆ ಎರಡು ಕೊಡ ನೀರು ಹೊಯ್ಯಬೇಕು.