ಜರ್ಮನಿಗೆ ಕೆಲಸಕ್ಕೆ ಬರುವವರು ಮೊದಲು ಮನೆಯ ಬಗ್ಗೆ ಯೋಚಿಸಿ

ಜರ್ಮನಿಗೆ ಕೆಲಸಕ್ಕೆ ಹೊರಟವರು ನನ್ನನ್ನು ಮೊದಲು ಕೇಳುವುದು ಚಳಿಯ ಬಗ್ಗೆ. ಆಮೇಲೆ ಭಾಷೆಯ ಬಗ್ಗೆ. ಮನೆಯ ಬಗ್ಗೆ ಕೇಳುವವರು ಕಡಿಮೆ. ಕಂಪನಿ ಮೊದಲ ತಿಂಗಳಿಗೆ ಎಲ್ಲೋ ಜಾಗ ಕೊಡುತ್ತದೆ, ಮುಂದೆ ನೋಡಿಕೊಂಡರಾಯಿತು ಅಂದುಕೊಂಡಿರುತ್ತಾರೆ. ನಾನು ಸ್ಟುಟ್‌ಗಾರ್ಟ್‌ಗೆ ಬಂದು ಕೆಲವು ವರ್ಷಗಳಾದವು. ಹೊಸಬರಿಗೆ ನಾನು ಹೇಳುವುದು ಒಂದೇ: ಇಲ್ಲಿ ನಿಮಗೆ ಸ್ವಂತ ವಿಳಾಸ ಸಿಗುವವರೆಗೆ ಬೇರೆ ಯಾವ ಕೆಲಸವೂ ಮುಂದೆ ಹೋಗುವುದಿಲ್ಲ.

ಹೇಗೆ ಅಂತ ಹೇಳುತ್ತೇನೆ. ಮನೆಗೆ ಬಂದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ಹೆಸರು ನೋಂದಾಯಿಸಬೇಕು. ಅದೇ ಆನ್‌ಮೆಲ್ಡುಂಗ್. ಅದಕ್ಕೆ ಬಾಡಿಗೆ ಕರಾರು ಸಾಲದು. 'ಇವರು ಇಂಥ ದಿನದಿಂದ ನನ್ನ ಮನೆಯಲ್ಲಿದ್ದಾರೆ' ಅಂತ ಮಾಲೀಕರು ಸಹಿ ಹಾಕಿದ ಬೇರೆ ಕಾಗದ ಬೇಕು. ನೋಂದಣಿ ಆದ ಮೇಲೆ ಹನ್ನೊಂದು ಅಂಕಿಯ ತೆರಿಗೆ ನಂಬರ್ ಅಂಚೆಯಲ್ಲಿ ಬರುತ್ತದೆ. ಆ ನಂಬರ್ ಕಂಪನಿಗೆ ಸಿಗುವುದು ತೀರಾ ತಡವಾದರೆ, ಇಲ್ಲಿನ ಆರು ತೆರಿಗೆ ವರ್ಗಗಳಲ್ಲಿ ಆರನೆಯದರ ಲೆಕ್ಕದಲ್ಲಿ ತೆರಿಗೆ ಹಿಡಿಯುತ್ತಾರೆ. ಅದು ಎಲ್ಲಕ್ಕಿಂತ ಜಾಸ್ತಿ. ಆಮೇಲೆ ವಾಪಸ್ ಬರುತ್ತದೆ ನಿಜ, ಆದರೆ ಹೊಸ ಊರಿನಲ್ಲಿ ಕೈಯಲ್ಲಿ ದುಡ್ಡು ಬೇಕಾದ ಹೊತ್ತು ಅದೇ ಅಲ್ವಾ? ವಿದೇಶಿಯರ ಕಚೇರಿಯಲ್ಲಿ ರೆಸಿಡೆನ್ಸ್ ಕಾರ್ಡಿಗೆ ಅರ್ಜಿ ಹಾಕುವಾಗಲೂ ಇದೇ ನೋಂದಣಿ ಪತ್ರ ಕೇಳುತ್ತಾರೆ.

ನೋಂದಣಿ ಫಾರ್ಮಿನಲ್ಲಿ ಧರ್ಮ ಕೇಳುವ ಒಂದು ಕಾಲಂ ಇದೆ. ಕ್ರೈಸ್ತರು ಇದನ್ನು ತಿಳಿದೇ ತುಂಬಬೇಕು. ತೆರಿಗೆ ಸಂಗ್ರಹಿಸುವ ಚರ್ಚ್‌ಗಳ ಸದಸ್ಯರಾದರೆ, ಆದಾಯ ತೆರಿಗೆಯ ಮೇಲೆ ಇನ್ನೂ 8 ಪರ್ಸೆಂಟ್ ಚರ್ಚ್ ತೆರಿಗೆ ಬೀಳುತ್ತದೆ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ಮತ್ತು ಬವೇರಿಯಾದಲ್ಲಿ 8, ಉಳಿದ ರಾಜ್ಯಗಳಲ್ಲಿ 9.

ಇನ್ನು ಮನೆ ಹುಡುಕುವ ಪಾಡು. ಜಾಹೀರಾತಿನಲ್ಲಿ 'ಮೂರು ಕೋಣೆ' ಅಂತಿದ್ದರೆ ನಮ್ಮ ಲೆಕ್ಕದ ಎರಡು ಬೆಡ್‌ರೂಮಿನ ಮನೆ. ಹಾಲನ್ನೂ ಕೋಣೆ ಅಂತಲೇ ಎಣಿಸುತ್ತಾರೆ. ಬಾಡಿಗೆಯಲ್ಲಿ 'ತಣ್ಣನೆಯದು', 'ಬೆಚ್ಚನೆಯದು' ಅಂತ ಎರಡಿವೆ. ಕಾಲ್ಟ್‌ಮೀಟೆ ಬರೀ ಮನೆಯ ಬಾಡಿಗೆ. ಹೀಟಿಂಗ್, ನೀರು, ಕಸ, ಲಿಫ್ಟ್ ಎಲ್ಲ ಸೇರಿದರೆ ವಾರ್ಮ್‌ಮೀಟೆ. ಕರೆಂಟು, ಇಂಟರ್‌ನೆಟ್ ಸಾಮಾನ್ಯವಾಗಿ ಇದರಲ್ಲೂ ಸೇರಿರುವುದಿಲ್ಲ. ಅಡ್ವಾನ್ಸ್ ಕಾಲ್ಟ್‌ಮೀಟೆಯ ಮೂರು ಪಟ್ಟು ಮೀರುವಂತಿಲ್ಲ, ಅದನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕು ನಿಮಗಿದೆ. ಹೊಸಬರಿಗೆ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ಮೊದಲ ಸಲ ಖಾಲಿ ಮನೆ ನೋಡಿದಾಗ ನಂಬುವುದೇ ಕಷ್ಟ. ಅಡುಗೆಮನೆ ಅಂತ ತೋರಿಸಿದ ಜಾಗದಲ್ಲಿ ನಾಲ್ಕು ಗೋಡೆ, ಎರಡು ನೀರಿನ ಪೈಪು, ಒಲೆಗೆ ಅಂತ ಹೊರಗೆ ಬಿಟ್ಟ ದಪ್ಪ ವೈರು. ಸಿಂಕ್ ಇಲ್ಲ, ಕಪಾಟು ಇಲ್ಲ. ಹಾಲಿನ ಸೂರಿನಿಂದ ಮೂರು ಬಣ್ಣದ ವೈರು ಇಣುಕುತ್ತಿರುತ್ತದೆ, ದೀಪ ಇರುವುದಿಲ್ಲ. ಬಿಟ್ಟು ಹೋಗುವವರು ಅಡುಗೆಮನೆಯನ್ನು ಪೂರ್ತಿ ಬಿಚ್ಚಿಕೊಂಡು ಹೋಗುತ್ತಾರೆ, ಇಲ್ಲವೇ ಬರುವವರಿಗೆ ಮಾರುತ್ತಾರೆ. ಎಲ್ಲ ಮನೆಗಳೂ ಹೀಗಿರುವುದಿಲ್ಲ, ಆದರೆ ಬೇಕಾದಷ್ಟು ಸಿಗುತ್ತವೆ.

ಮಾಲೀಕರು ಕೇಳುವುದು ಹಿಂದಿನ ಮೂರು ಸಂಬಳದ ಸ್ಲಿಪ್ಪು ಮತ್ತು ಶೂಫಾ ಅನ್ನುವ ಸಾಲದ ದಾಖಲೆ. ಮೊನ್ನೆ ಬಂದಿಳಿದವರ ಹತ್ತಿರ ಇವೆರಡೂ ಇರುವುದಿಲ್ಲ. ನಾನು ಕೆಲಸದ ಕರಾರು ಮತ್ತು ಎಚ್‌ಆರ್ ಬರೆದ ಒಂದು ಪುಟದ ಪತ್ರ ಜೋಡಿಸಿ ಕಳಿಸುತ್ತಿದ್ದೆ. ಇಂಗ್ಲಿಷಿನಲ್ಲಿ ಬರೆದ ಮೆಸೇಜಿಗೆ ಉತ್ತರ ಬರುವುದು ಅಪರೂಪ. ಜರ್ಮನ್ ಬಲ್ಲ ಸಹೋದ್ಯೋಗಿ ಒಬ್ಬರು ಐದಾರು ಸಾಲು ಬರೆದುಕೊಟ್ಟರು: ಯಾರು, ಏನು ಕೆಲಸ, ಎಷ್ಟು ಜನ, ಸಿಗರೇಟು ಇಲ್ಲ, ಸಾಕುಪ್ರಾಣಿ ಇಲ್ಲ, ಯಾವಾಗಿನಿಂದ ಬೇಕು. ಉತ್ತರ ಬರತೊಡಗಿದ್ದು ಆಮೇಲೆ. ಇನ್ನು, 'ನಾನು ಬೇರೆ ದೇಶದಲ್ಲಿದ್ದೇನೆ, ದುಡ್ಡು ಹಾಕಿ, ಕೀ ಕೊರಿಯರ್ ಮಾಡುತ್ತೇನೆ' ಅನ್ನುವವರು ಸಿಗುತ್ತಾರೆ. ಅದು ಮೋಸ, ಬೇರೆ ಮಾತೇ ಇಲ್ಲ. ನೋಂದಣಿಗೆ ಸಹಿ ಹಾಕಲ್ಲ ಅನ್ನುವವರ ರೂಮನ್ನೂ ಬಿಟ್ಟುಬಿಡಿ, ಎಷ್ಟೇ ಅಗ್ಗವಿರಲಿ.

ಮನೆ ಸಿಕ್ಕಿದ ದಿನವೇ ಮಾಡಬೇಕಾದ ಕೆಲಸ ಒಂದಿದೆ. ಕಾಲಿಂಗ್ ಬೆಲ್ ಮೇಲೆ, ಅಂಚೆ ಪೆಟ್ಟಿಗೆ ಮೇಲೆ ನಿಮ್ಮ ಹೆಸರು ಅಂಟಿಸಿ. ಇಲ್ಲಿನ ವಿಳಾಸದಲ್ಲಿ ಕಟ್ಟಡದ ನಂಬರ್ ಇರುತ್ತದೆ, ಫ್ಲಾಟ್ ನಂಬರ್ ಸಾಮಾನ್ಯವಾಗಿ ಇರುವುದಿಲ್ಲ. ಪೋಸ್ಟ್‌ಮ್ಯಾನ್ ನೋಡುವುದು ಹೆಸರನ್ನು. ಹೆಸರಿಲ್ಲದಿದ್ದರೆ ಕಾಗದ ಬಂದ ದಾರಿಗೆ ಸುಂಕವಿಲ್ಲದೆ ವಾಪಸ್ ಹೋಗುತ್ತದೆ. ತೆರಿಗೆ ನಂಬರ್, ಬ್ಯಾಂಕಿನ ಪಿನ್, ವಿಮೆಯ ಕಾರ್ಡು ಎಲ್ಲ ಬರುವುದು ಕಾಗದದಲ್ಲೇ. ರೇಡಿಯೋ-ಟಿವಿ ಶುಲ್ಕದ ಪತ್ರ ಮಾತ್ರ ಕರೆಯದೆಯೂ ಬರುತ್ತದೆ. ತಿಂಗಳಿಗೆ 18.36 ಯೂರೋ. ನಮ್ಮ ಮನೆಯಲ್ಲಿ ಟಿವಿ ಇಲ್ಲ ಅಂದರೂ ಕಟ್ಟಬೇಕು. ಒಂದು ಮನೆಗೆ ಒಂದೇ ಶುಲ್ಕವಾದ್ದರಿಂದ ರೂಮ್‌ಮೇಟ್‌ಗಳಿದ್ದರೆ ಹಂಚಿಕೊಳ್ಳಿ.

ಸ್ಟುಟ್‌ಗಾರ್ಟ್ ಕಡೆಗೆ ಬರುವವರಿಗೆ ಇನ್ನೊಂದು ವಿಷಯ: ಕೇರ್‌ವೊಖೆ. ಬಾಡಿಗೆದಾರರು ವಾರಕ್ಕೊಬ್ಬರಂತೆ ಸರದಿಯಲ್ಲಿ ಮೆಟ್ಟಿಲು ಗುಡಿಸಿ ಒರೆಸಬೇಕು. ದೊಡ್ಡ ಸರದಿಯಾದರೆ ಮುಂದಿನ ಫುಟ್‌ಪಾತ್, ಕಸದ ಡಬ್ಬಿಯ ಜಾಗವೂ ಸೇರುತ್ತದೆ, ಹಿಮ ಬಿದ್ದರೆ ಅದನ್ನೂ ತೆಗೆಯಬೇಕು. ಒಂದು ಸಂಜೆ ಬಂದು ನೋಡಿದರೆ ನನ್ನ ಬಾಗಿಲ ಹಿಡಿಗೆ ಒಂದು ಚಿಕ್ಕ ಬೋರ್ಡು ನೇತುಹಾಕಿತ್ತು. ನನ್ನ ಸರದಿ. ಶನಿವಾರ ಗುಡಿಸುತ್ತಿದ್ದಾಗ ಕೆಳಗಿನ ಮಹಡಿಯ ಅಜ್ಜಿ ಮೇಲೆ ಬಂದರು. ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿದರು.

"ನೀವು ಕೆಳಗಿನಿಂದ ಮೇಲಕ್ಕೆ ಬರುತ್ತಿದ್ದೀರಿ," ಅಂದರು. "ಮೇಲಿನಿಂದ ಶುರು ಮಾಡಿ. ಮೂಲೆಗೆ ಈ ಬ್ರಷ್ ಬೇಕು, ಪೊರಕೆ ಹೋಗುವುದಿಲ್ಲ."

ತಮ್ಮ ಮನೆಯಿಂದ ಒಂದು ಗಿಡ್ಡ ಬ್ರಷ್ ತಂದು, ಮೆಟ್ಟಿಲ ಒಳಮೂಲೆಯ ಧೂಳನ್ನು ಎರಡು ಸಲ ಎಳೆದು ತೋರಿಸಿದರು. ಕಂಬಿಯನ್ನೂ ಒರೆಸಬೇಕು, ಬೋರ್ಡನ್ನು ಪಕ್ಕದ ಮನೆಗೆ ಹಾಕುವುದು ಭಾನುವಾರ ಸಂಜೆ, ಅದಕ್ಕೆ ಮೊದಲಲ್ಲ. ನನಗೆ ಆಗ ಸಿಟ್ಟು ಬಂದಿದ್ದು ಹೌದು. ಆದರೆ ಇಲ್ಲಿನವರ ಪರಿಚಯ ಬೆಳೆಯುವುದು ಬಹುಪಾಲು ಹೀಗೇ. ನಾನು ಆಫೀಸಿನಲ್ಲಿದ್ದಾಗ ಬಂದ ಪಾರ್ಸಲ್‌ಗಳನ್ನೆಲ್ಲ ಮುಂದೆ ಇಸಿದುಕೊಂಡು ಇಡುತ್ತಿದ್ದವರು ಅವರೇ. ಸಮಯಕ್ಕೆ ಒಬ್ಬರು ನೆರೆಯವರು ಇದ್ದಾರೆ ಅನ್ನಿಸಲು ವರ್ಷ ಹಿಡಿಯಿತು. ಸ್ನೇಹಕ್ಕೆ ಅದಕ್ಕಿಂತ ಜಾಸ್ತಿ ಬೇಕು.

ರಾತ್ರಿ ಹತ್ತರ ಮೇಲೆ, ಭಾನುವಾರ ಇಡೀ ದಿನ, ಸದ್ದು ಮಾಡುವಂತಿಲ್ಲ. ಗೋಡೆಗೆ ಡ್ರಿಲ್ ಹಾಕುವುದಿದ್ದರೆ ಶನಿವಾರವೇ ಮುಗಿಸಿ. ಅಂಗಡಿಗಳೂ ಭಾನುವಾರ ಮುಚ್ಚಿರುತ್ತವೆ. ಚಳಿಗಾಲದಲ್ಲೂ ದಿನಕ್ಕೆರಡು ಮೂರು ಸಲ ಕಿಟಕಿ ಪೂರ್ತಿ ತೆರೆದು ಗಾಳಿ ಆಡಿಸಬೇಕು. ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಅದರ ಜಗಳ ಅಡ್ವಾನ್ಸಿನವರೆಗೂ ಹೋಗುತ್ತದೆ.

ಸಂಬಳದ ಲೆಕ್ಕವನ್ನು ಆಫರ್ ಒಪ್ಪುವ ಮೊದಲೇ ಹಾಕಿ. ಮದುವೆಯಾಗದವರಿಗೆ ವರ್ಷಕ್ಕೆ 60,000 ಯೂರೋ ಅಂದರೆ ತಿಂಗಳಿಗೆ 5,000. ತೆರಿಗೆ, ಆರೋಗ್ಯ ವಿಮೆ, ಪಿಂಚಣಿ, ನಿರುದ್ಯೋಗ ವಿಮೆ, ಆರೈಕೆ ವಿಮೆ ಎಲ್ಲ ಹಿಡಿದು ಕೈಗೆ ಬರುವುದು 3,100 ಚಿಲ್ಲರೆ. ಒಬ್ಬರೇ ದುಡಿಯುವ ದಂಪತಿಗೆ ಮೂರನೇ ತೆರಿಗೆ ವರ್ಗ ಸಿಕ್ಕರೆ ಕೆಲವು ನೂರು ಯೂರೋ ಜಾಸ್ತಿ ಉಳಿಯುತ್ತದೆ. ಆದರೆ ಸಂಗಾತಿಯೂ ಜರ್ಮನಿಯಲ್ಲೇ ವಾಸವಿರಬೇಕು. ಅವರು ಭಾರತದಲ್ಲೇ ಇರುವವರೆಗೆ ಮದುವೆಯಾಗದವರಿಗಿರುವ ಒಂದನೇ ವರ್ಗವೇ. ಸರ್ಕಾರಿ ಆರೋಗ್ಯ ವಿಮೆಯಲ್ಲಿ ಆದಾಯವಿಲ್ಲದ ಗಂಡ, ಹೆಂಡತಿ, ಮಕ್ಕಳು ಬೇರೆ ಹಣವಿಲ್ಲದೆ ಸೇರುತ್ತಾರೆ. ಖಾಸಗಿ ವಿಮೆಯ ಏಜೆಂಟರು ಮೊದಲ ವಾರದಲ್ಲೇ ಬೆನ್ನು ಹತ್ತುತ್ತಾರೆ. ಸಂಸಾರಸ್ಥರು ಆತುರ ಪಡಬೇಡಿ.

ಕೆಲಸದ ವಿಷಯದಲ್ಲಿ ನನಗೆ ದೂರಿಲ್ಲ. ವಾರಕ್ಕೆ ಐದು ದಿನ ದುಡಿಯುವವರಿಗೆ ಕಾನೂನು ಕೊಡುವ ರಜೆ 20 ದಿನ, ಬಹಳ ಕಂಪನಿಗಳು 30 ದಿನದವರೆಗೂ ಕೊಡುತ್ತವೆ, ಮತ್ತು ಆ ರಜೆಯನ್ನು ಜನ ನಿಜವಾಗಿಯೂ ತೆಗೆದುಕೊಳ್ಳುತ್ತಾರೆ. ಹುಷಾರಿಲ್ಲದಿದ್ದರೆ ಅದು ರಜೆಯ ಲೆಕ್ಕಕ್ಕೆ ಬರುವುದಿಲ್ಲ. ಡಾಕ್ಟರ್ ಚೀಟಿ ಇದ್ದರೆ ಆರು ವಾರದವರೆಗೆ ಪೂರ್ತಿ ಸಂಬಳ. ಕೆಲಸಕ್ಕೆ ಸೇರಿದ ಮೊದಲ ನಾಲ್ಕು ವಾರಕ್ಕೆ ಮಾತ್ರ ಈ ನಿಯಮ ಇಲ್ಲ. ಡಾಕ್ಟರು ಜ್ವರಕ್ಕೆ ಆಂಟಿಬಯೋಟಿಕ್ ಬರೆದುಕೊಡುತ್ತಾರೆ ಅಂತ ಕಾಯಬೇಡಿ. ಮಲಗಿ, ಬಿಸಿ ಕುಡಿಯಿರಿ ಅಂತ ಕಳಿಸುತ್ತಾರೆ. ರಾತ್ರಿ ಹೊತ್ತು ಡಾಕ್ಟರ್ ಬೇಕಾದರೆ 116117, ಜೀವಕ್ಕೆ ಕುತ್ತಾದರೆ 112.

ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದ ವಿದೇಶಿ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿಯಲ್ಲಿ ಬರುವುದು ಸಂಸಾರಕ್ಕೆ ಅನುಕೂಲ. 2025ರಲ್ಲಿ ಅದಕ್ಕೆ ವರ್ಷಕ್ಕೆ 48,300 ಯೂರೋ ಸಂಬಳ ಬೇಕಿತ್ತು, ಐಟಿಯಂಥ ಜನ ಸಾಲದ ಕೆಲಸಗಳಿಗೆ 43,759 ಚಿಲ್ಲರೆ. ಸಂಗಾತಿ ಜರ್ಮನ್ ಪರೀಕ್ಷೆ ಬರೆಯದೆ ಬರಬಹುದು, ಬಂದ ಮೇಲೆ ಕೆಲಸವನ್ನೂ ಮಾಡಬಹುದು. ಕಾಯಂ ವಾಸಕ್ಕೆ ನಿಮ್ಮ ಜರ್ಮನ್ ಎ1, ಅಂದರೆ ತೀರಾ ಆರಂಭದ ಮಟ್ಟದಲ್ಲಿದ್ದರೆ 27 ತಿಂಗಳು, ಬಿ1, ಅಂದರೆ ಮಧ್ಯಮ ಮಟ್ಟ ಆದರೆ 21 ತಿಂಗಳು. ಆಫೀಸಿನಲ್ಲಿ ಇಂಗ್ಲಿಷ್ ಸಾಕು ಅಂತ ಕೂತವರು ಈ ಆರು ತಿಂಗಳನ್ನು ಸುಮ್ನೆ ಕಳೆದುಕೊಳ್ಳುತ್ತಾರೆ. ಭಾರತದ ಡ್ರೈವಿಂಗ್ ಲೈಸೆನ್ಸ್ ಆರು ತಿಂಗಳಷ್ಟೇ ನಡೆಯುತ್ತದೆ. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡನ್ನೂ ಪಾಸು ಮಾಡಬೇಕು. ಥಿಯರಿಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು.

ಚಳಿಗೆ ಒಳ್ಳೆಯ ಜಾಕೆಟ್ ಸಾಕು. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುವುದೇ ಕಷ್ಟ. ಅದಕ್ಕೆ ನಾನು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಹೊರಗೆ ನಡೆಯುವುದನ್ನು ಬಿಡುವುದಿಲ್ಲ.

ಪ್ರೊಬೇಷನ್ ಹೆಚ್ಚೆಂದರೆ ಆರು ತಿಂಗಳು. ಆ ಹೊತ್ತಿನಲ್ಲಿ ಕಂಪನಿ ಎರಡೇ ವಾರದ ನೋಟಿಸ್ ಕೊಟ್ಟು ಕಳಿಸಬಹುದು. ಆದರೆ ನೀವು ಮನೆ ಬಿಡಲು ಮೂರು ತಿಂಗಳ ನೋಟಿಸ್ ಕೊಡಬೇಕು. ಸ್ಟುಟ್‌ಗಾರ್ಟ್ ಕಡೆಯ ಕಾರು ಉದ್ಯಮದಲ್ಲಿ ನೇಮಕ ಬಿಗಿಯಾಗಿರುವ ಈಗ ಇದನ್ನು ಮರೆಯಬಾರದು. ಅದಕ್ಕೇ ನಾನು ಮೊದಲು ಸಾಮಾನು ಸಮೇತ ಸಿಗುವ ಚಿಕ್ಕ ಮನೆ ಹಿಡಿದೆ. ಬಾಡಿಗೆ ಜಾಸ್ತಿಯೇ ಇತ್ತು. ಪ್ರೊಬೇಷನ್ ಮುಗಿದ ಮೇಲೆ ಖಾಲಿ ಮನೆಗೆ ಹೋಗಿ, ಬಿಟ್ಟು ಹೋಗುವವರಿಂದ ಅಡುಗೆಮನೆ ಕೊಂಡೆ. ನೀವೂ ಹಾಗೆ ಕೊಳ್ಳುವುದಾದರೆ ಮೊದಲು ಹೇಳಿದ ಬೆಲೆಗೆ ಒಪ್ಪಬೇಡಿ. ಅದನ್ನೆಲ್ಲ ಬಿಚ್ಚಿ ಸಾಗಿಸುವ ಕಷ್ಟ ಅವರಿಗೂ ಗೊತ್ತಿರುತ್ತದೆ.