ಎತ್ತಿಗೆ ಜ್ವರ, ಸ್ವಾಪ್‌ಗೆ ಬರೆ

ನನ್ನ ಲ್ಯಾಪ್‌ಟಾಪಿನಲ್ಲಿ 8 ಜಿಬಿ ಮೆಮೊರಿ, 2 ಜಿಬಿ ಸ್ವಾಪ್, ಅಂದರೆ ಮೆಮೊರಿ ಸಾಲದಾದಾಗ ಅದರಲ್ಲಿರುವುದನ್ನು ಇಡಲು ಡಿಸ್ಕಿನಲ್ಲಿ ಮೀಸಲಿಟ್ಟ ಜಾಗ. ಅದರಲ್ಲಿ ಓಡುವುದು ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ. ಐದಾರು ವಾರ ಆ ಯಂತ್ರ ನನ್ನನ್ನು ಮೂರು ಬಗೆಯಲ್ಲಿ ಕಾಡಿತು. ಕೆಲವೊಮ್ಮೆ ಬ್ರೌಸರಿನ ಟ್ಯಾಬ್‌ಗಳು ಹೇಳದೆ ಕೇಳದೆ ಒಂದೊಂದಾಗಿ ಕುಸಿಯುತ್ತಿದ್ದವು. ಕೆಲವೊಮ್ಮೆ ಮೌಸ್ ಕೂಡ ಅಲುಗದೆ ಡಿಸ್ಕಿನ ದೀಪ ಮಾತ್ರ ಒಂದೇ ಸಮನೆ ಉರಿಯುತ್ತಿತ್ತು. ಇನ್ನು ಕೆಲವೊಮ್ಮೆ ದೀಪವೂ ಇಲ್ಲ, ಸದ್ದೂ ಇಲ್ಲ, ಇಡೀ ವ್ಯವಸ್ಥೆಯೇ ಸತ್ತು ಬಿದ್ದಿರುತ್ತಿತ್ತು. ಮೂರೂ ಆಗುತ್ತಿದ್ದುದು ಬಹಳಷ್ಟು ಪ್ರೋಗ್ರಾಂಗಳನ್ನು ತೆರೆದಿಟ್ಟಾಗ. ಹಾಗಾಗಿ ಮೂರಕ್ಕೂ ಕಾರಣ ಒಂದೇ, ಅದು ಸ್ವಾಪ್ ಎಂದು ತೀರ್ಮಾನಿಸಿಬಿಟ್ಟೆ.

ಮೊದಲ ತಪ್ಪು, ಮೆಮೊರಿಯ ಲೆಕ್ಕ ತೋರಿಸುವ ಫ್ರೀ ಆಜ್ಞೆಯ ಉತ್ತರವನ್ನು ಓದಿದ್ದರಲ್ಲಿ. ಫ್ರೀ ಎಂಬ ಹೆಸರಿನ ಕಾಲಂನಲ್ಲಿ 200 ಎಂಬಿ ಕಂಡು ಗಾಬರಿಯಾದೆ. ಸುಮ್ಮನೆ ಬಿದ್ದಿರುವ ಮೆಮೊರಿಯನ್ನು ಲಿನಕ್ಸ್ ಡಿಸ್ಕಿನ ಕ್ಯಾಶ್ ಆಗಿ, ಅಂದರೆ ಡಿಸ್ಕಿನಿಂದ ಓದಿದ್ದರ ನಕಲು ಇಟ್ಟುಕೊಳ್ಳಲು ಬಳಸಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ನೋಡಬೇಕಾದದ್ದು ಅವೈಲಬಲ್ ಎಂಬ ಕಾಲಂ. ಅದಕ್ಕೆ ಬೇಕಾದ ಲೆಕ್ಕವನ್ನು ಲಿನಕ್ಸಿನ ತಿರುಳಾದ ಕರ್ನಲ್ 2014ರ 3.14ನೇ ಆವೃತ್ತಿಯಿಂದ ತಾನೇ ಕೊಡುತ್ತಿದೆ. ನಾನು ಗಾಬರಿಯಾದ ದಿನ ಅಲ್ಲಿ 4 ಜಿಬಿಗಿಂತ ಹೆಚ್ಚಿತ್ತು.

ಎರಡನೆಯ ತಪ್ಪು, ಸ್ವಾಪ್ ಅನ್ನೇ ನಿಲ್ಲಿಸಿಬಿಟ್ಟದ್ದು. ಡಿಸ್ಕಿನ ಓಡಾಟ ನಿಂತರೆ ಯಂತ್ರ ಗಟ್ಟಿಯಾಗುವುದೂ (ಅಲುಗದೆ ಸ್ತಬ್ಧವಾಗುವುದೂ) ನಿಲ್ಲುತ್ತದೆ ಎಂದುಕೊಂಡಿದ್ದೆ. ಟ್ಯಾಬ್‌ಗಳು ಇನ್ನಷ್ಟು ಬೇಗ ಸಾಯತೊಡಗಿದವು. ಯಂತ್ರ ಗಟ್ಟಿಯಾಗುವುದಂತೂ ನಿಲ್ಲಲೇ ಇಲ್ಲ. ಕಾರಣ ಆಮೇಲೆ ಅರ್ಥವಾಯಿತು. ಸ್ವಾಪ್ ಇಲ್ಲದಿದ್ದರೆ ಪ್ರೋಗ್ರಾಂಗಳ ದತ್ತಾಂಶವನ್ನು ಹೊರಹಾಕಲು ಕರ್ನಲ್‌ಗೆ ಜಾಗವಿಲ್ಲ. ಆದರೆ ಪ್ರೋಗ್ರಾಂಗಳ ಕೋಡ್ ಹೇಗೂ ಡಿಸ್ಕಿನಲ್ಲಿ ಇರುತ್ತದೆಯಲ್ಲ, ಅದನ್ನು ಹಿಡಿದಿಟ್ಟ ಮೆಮೊರಿಯ ಪುಟಗಳನ್ನು (ಸಣ್ಣ ತುಂಡುಗಳನ್ನು) ಎಸೆದು ಮರುಕ್ಷಣ ಮತ್ತೆ ಓದುತ್ತದೆ. ಓಡುತ್ತಿರುವ ಪ್ರೋಗ್ರಾಂನ ಕಾಲಕೆಳಗಿನ ಹಲಗೆಯನ್ನೇ ಕಿತ್ತು ಮತ್ತೆ ಜೋಡಿಸಿದಂತೆ. ಸ್ವಾಪ್ ಇಲ್ಲದಿದ್ದರೂ ಡಿಸ್ಕಿನ ದೀಪ ಆರದಿರುವುದು ಇದಕ್ಕೇ.

ಮೂರನೆಯ ಸಲ ಎದುರು ದಿಕ್ಕಿಗೆ ಹೋಗಿ ಸ್ವಾಪ್ ಅನ್ನು 8 ಜಿಬಿ ಮಾಡಿದೆ. ಅರ್ಧ ನಿಮಿಷ ಗಟ್ಟಿಯಾಗುತ್ತಿದ್ದ ಯಂತ್ರ ಈಗ ಹತ್ತು ನಿಮಿಷ ಗಟ್ಟಿಯಾಗತೊಡಗಿತು. ಅದನ್ನು ಮತ್ತೆ 2 ಜಿಬಿಗೆ ಇಳಿಸಿ, ಊಹೆ ಬಿಟ್ಟು ಲಾಗ್, ಅಂದರೆ ವ್ಯವಸ್ಥೆ ಬರೆದಿಡುವ ದಾಖಲೆ, ಓದಲು ಕೂತೆ. ಅಲ್ಲಿಯವರೆಗೆ ಲಾಗ್ ಏಕೆ ನೋಡಿರಲಿಲ್ಲ ಎಂದರೆ, ಯಂತ್ರ ಮತ್ತೆ ಶುರುವಾದಾಗ ಹಳೆಯದು ಅಳಿಸಿಹೋಗಿರುತ್ತಿತ್ತು. ವರ್ ಫೋಲ್ಡರಿನ ಲಾಗ್ ಒಳಗೆ ಜರ್ನಲ್ ಎಂಬ ಫೋಲ್ಡರ್ ಇದ್ದರೆ ಮಾತ್ರ ಹಿಂದಿನ ಬೂಟ್‌ಗಳ ದಾಖಲೆ ಉಳಿಯುವಂತೆ ನನ್ನ ವ್ಯವಸ್ಥೆ ಇತ್ತು. ಆ ಫೋಲ್ಡರ್ ಮಾಡಿ ಮುಂದಿನ ಕುಸಿತಕ್ಕೆ ಕಾದೆ. ಹೆಚ್ಚು ಕಾಯಬೇಕಾಗಲಿಲ್ಲ.

ಟ್ಯಾಬ್ ಕುಸಿದ ಹೊತ್ತಿಗೆ ಕರ್ನಲ್ ಲಾಗಿನಲ್ಲಿ ‘ಔಟ್ ಆಫ್ ಮೆಮೊರಿ’ ಎಂಬ ಸಾಲು ಇತ್ತು, ಅದರ ಮೇಲೆ ಆಗ ಓಡುತ್ತಿದ್ದ ಎಲ್ಲ ಪ್ರೋಗ್ರಾಂಗಳ ಪಟ್ಟಿ. ಫೋಟೋಗಳನ್ನು ಹುಡುಕಲು ಸೂಚಿ ತಯಾರಿಸುವ ಹಿನ್ನೆಲೆಯ ಪ್ರೋಗ್ರಾಂ ಒಂದರ ಮುಂದೆ ಸುಮಾರು 9,00,000 ಎಂಬ ಅಂಕಿ. ಕಿಲೋಬೈಟ್ ಎಂದುಕೊಂಡು ಎರಡು ದಿನ ಅದನ್ನು ದಾಟಿ ಮುಂದೆ ಹೋದೆ. ಆ ಪಟ್ಟಿಯಲ್ಲಿರುವುದು ಪುಟಗಳ ಲೆಕ್ಕ. ಒಂದು ಪುಟಕ್ಕೆ 4 ಕಿಲೋಬೈಟ್. ಅಂದರೆ ಅದೊಂದೇ 3.4 ಜಿಬಿ ನುಂಗಿ ಕೂತಿತ್ತು.

ಹಾಗಾದರೆ ಕರ್ನಲ್ ಅದನ್ನು ಬಿಟ್ಟು ಟ್ಯಾಬ್‌ಗಳನ್ನು ಕೊಂದದ್ದೇಕೆ? ಬಲಿಯ ಆಯ್ಕೆಗೆ ಬಳಸಿದ ಮೆಮೊರಿಯೊಂದೇ ಅಳತೆಯಲ್ಲ. ಪ್ರತಿ ಪ್ರೋಗ್ರಾಂಗೂ −1000ದಿಂದ 1000ದವರೆಗೆ ಹೆಚ್ಚುವರಿ ಅಂಕ ಕೊಡಬಹುದು, ಕೆಲವು ಬ್ರೌಸರ್‌ಗಳು ತಮ್ಮ ಟ್ಯಾಬ್‌ಗಳಿಗೆ ತಾವೇ 300 ಕೊಟ್ಟುಕೊಳ್ಳುತ್ತವೆ. ಮೆಮೊರಿ ಮತ್ತು ಸ್ವಾಪ್ ಸೇರಿ 10 ಜಿಬಿ ಇರುವ ಯಂತ್ರದಲ್ಲಿ ಆ 300 ಎಂದರೆ 3 ಜಿಬಿ ಹೆಚ್ಚು ಬಳಸಿದಂತೆ. ಬರೀ 600 ಎಂಬಿಯ ಟ್ಯಾಬ್ 3.4 ಜಿಬಿಯ ಕಳ್ಳನಿಗಿಂತ ಮೊದಲು ಗಲ್ಲಿಗೇರುತ್ತಿತ್ತು. ಸತ್ತವನೇ ಅಪರಾಧಿ ಎಂದು ನಂಬಿ ನಾನು ಮೂರು ಬ್ರೌಸರ್ ಬದಲಿಸಿದ್ದೆ!

ಡಿಸ್ಕಿನ ದೀಪ ಉರಿಯುವ ರೋಗವೂ ಇದರದ್ದೇ. ಮೆಮೊರಿ, ಸ್ವಾಪ್‌ಗಳ ಓಡಾಟ ತೋರಿಸುವ ವಿಎಂಸ್ಟ್ಯಾಟ್ ಅನ್ನು ಸೆಕೆಂಡಿಗೊಮ್ಮೆ ಕಡತಕ್ಕೆ ಬರೆಯುವಂತೆ ಬಿಟ್ಟೆ. ಯಂತ್ರ ಗಟ್ಟಿಯಾಗುವ ಮುಂಚಿನ ಸಾಲುಗಳಲ್ಲಿ ಎಸ್‌ಐ, ಎಸ್‌ಒ (ಸ್ವಾಪ್‌ನಿಂದ ಮೆಮೊರಿಗೆ ಬಂದದ್ದು, ಮೆಮೊರಿಯಿಂದ ಸ್ವಾಪ್‌ಗೆ ಹೋದದ್ದು) ಎಂಬ ಎರಡೂ ಕಾಲಂಗಳು ಸಾವಿರಗಳಲ್ಲಿದ್ದವು. ಸ್ವಾಪ್‌ನಲ್ಲಿ 1 ಜಿಬಿ ತುಂಬಿದೆ ಎಂದರೆ ಹೆದರಬೇಕಿಲ್ಲ, ಬೇಡದ ಪುಟಗಳು ಅಲ್ಲಿ ತಣ್ಣಗೆ ಮಲಗಿರಬಹುದು. ಒಳಗೂ ಹೊರಗೂ ಒಟ್ಟಿಗೆ ಪುಟಗಳು ಓಡಾಡುತ್ತಿದ್ದರೆ ಮಾತ್ರ ಕೇಡು. ಸೂಚಿ ಮಾಡುವ ಆ ಸೇವೆಗೆ ಹಿನ್ನೆಲೆಯ ಸೇವೆಗಳನ್ನು ನಡೆಸುವ ಸಿಸ್ಟಂಡಿಯಲ್ಲಿ 1 ಜಿಬಿ ಮೆಮೊರಿಯ ಮಿತಿ ಹಾಕಿದೆ. ಎರಡು ರೋಗ ಅಂದೇ ಹೋದವು.

ಮೂರನೆಯದು ಹೋಗಲಿಲ್ಲ. ಅದರ ಲಾಗ್ ಅರ್ಧ ಸಾಲಿಗೇ ನಿಂತಿರುತ್ತಿತ್ತು. ಎರಡು ಸಲ ಮಾತ್ರ ಕರ್ನಲ್ ದೋಷದ ವಿವರ ಸಿಕ್ಕಿತು. ಒಂದರಲ್ಲಿ ಡಿಸ್ಕಿನ ಕೋಡ್, ಇನ್ನೊಂದರಲ್ಲಿ ನೆಟ್‌ವರ್ಕ್. ತಂತ್ರಾಂಶದ ತಪ್ಪು ಸಾಮಾನ್ಯವಾಗಿ ಒಂದೇ ಕಡೆ ಎಡವುತ್ತದೆ, ಹೀಗೆ ಊರೆಲ್ಲ ಸುತ್ತುವುದಿಲ್ಲ. ಅನುಮಾನ ಬಂದು 5 ಜಿಬಿಯ ಕಡತವೊಂದರ ಚೆಕ್‌ಸಮ್ (ಕಡತದ ಒಳಗಿರುವುದರಿಂದ ಲೆಕ್ಕ ಹಾಕುವ ಗುರುತಿನ ಅಂಕಿ) ತೆಗೆದೆ. ನಾಲ್ಕು ಸಲವೂ ಒಂದೇ ಉತ್ತರ ಬಂತು. ಸಮಾಧಾನಪಟ್ಟೆ, ತಪ್ಪಾಗಿ: ಎರಡನೆಯ ಸಲದಿಂದ ಓದುತ್ತಿದ್ದುದು ಡಿಸ್ಕಿನಿಂದಲ್ಲ, ಕ್ಯಾಶ್‌ನಿಂದ. ಪ್ರತಿ ಸಲವೂ ಕ್ಯಾಶ್ ಖಾಲಿ ಮಾಡಿ ತೆಗೆದಾಗ ಐದರಲ್ಲಿ ಎರಡು ಉತ್ತರ ಬೇರೆಯಾದವು.

ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿದೆ. ಮೊದಲ ಸುತ್ತು ಸ್ವಚ್ಛ. ಮೂರನೆಯ ಸುತ್ತಿನಲ್ಲಿ ಕೆಂಪು ಸಾಲುಗಳು, ಎಲ್ಲವೂ ಅಕ್ಕಪಕ್ಕದ ವಿಳಾಸಗಳು. ಒಂದು ಸುತ್ತಿಗೇ ನಿಲ್ಲಿಸಿದ್ದರೆ ಇನ್ನೂ ಸ್ವಾಪ್‌ಗೆ ಬೈಯುತ್ತಿದ್ದೆನೇನೋ. ಮೆಮೊರಿ ತುಂಬಿದಾಗಲೇ ಯಂತ್ರ ಸಾಯುತ್ತಿದ್ದುದೂ ಈಗ ಒಗಟಾಗಿರಲಿಲ್ಲ. ಖಾಲಿ ಇರುವಾಗ ಆ ಹುಳುಕು ಜಾಗ ಯಾರಿಗೂ ಹಂಚಿಕೆಯಾಗದೆ ಉಳಿದಿರಬಹುದು, ತುಂಬಿದಾಗ ಯಾರಾದರೂ ಅಲ್ಲಿ ಕೂರಲೇಬೇಕು.

ಇದ್ದುದು 4 ಜಿಬಿಯ ಎರಡು ರ‍್ಯಾಮ್ ಪಟ್ಟಿ. ಎರಡು ಚಾನೆಲ್‌ಗಳಲ್ಲಿ (ಪಟ್ಟಿಗಳನ್ನು ತಲುಪುವ ದಾರಿಗಳಲ್ಲಿ) ವಿಳಾಸಗಳು ಹೆಣೆದುಕೊಂಡಿರುವುದರಿಂದ ವಿಳಾಸ ನೋಡಿ ಯಾವ ಪಟ್ಟಿ ಎಂದು ಹೇಳಲಾಗದು. ಒಂದೊಂದನ್ನೇ ಹಾಕಿ, ಸ್ಲಾಟ್ ಅದಲುಬದಲು ಮಾಡಿ ಪರೀಕ್ಷಿಸಿದೆ. ತಪ್ಪು ಪಟ್ಟಿಯ ಜೊತೆ ಹೋಯಿತು, ಸ್ಲಾಟಿನ ಜೊತೆ ಅಲ್ಲ. ಹೊಸದು ಬರುವವರೆಗೆ ಎರಡನ್ನೂ ಮೊದಲಿನಂತೆಯೇ ಕೂರಿಸಿ, ಬೂಟ್ ಸಾಲಿನಲ್ಲಿ (ಶುರುವಾಗುವಾಗ ಕರ್ನಲ್‌ಗೆ ಕೊಡುವ ಸೂಚನೆಯಲ್ಲಿ) ಮೆಮ್‌ಮ್ಯಾಪ್ ಬಳಸಿ ಕೆಟ್ಟ ವಿಳಾಸಗಳನ್ನು ಯಾರಿಗೂ ಸಿಗದಂತೆ ಕಾಯ್ದಿರಿಸಿದೆ. ಅದರಲ್ಲಿ ಬರುವ ಡಾಲರ್ ಚಿಹ್ನೆಯನ್ನು, ಕರ್ನಲ್ ಅನ್ನು ಬೂಟ್ ಮಾಡುವ ಗ್ರಬ್ ನುಂಗಿಹಾಕುತ್ತದೆ. ಅದರ ಮುಂದೆ ನನಗೆ ಮೂರು ಹಿಂಬದಿ ಓರೆಗೆರೆ ಬೇಕಾದವು. ಬೂಟ್ ಆದ ಮೇಲೆ ಪ್ರೊಕ್ ಫೋಲ್ಡರಿನ ಸಿಎಂಡಿಲೈನ್ ಕಡತ ತೆರೆದು ಸಾಲು ಸರಿಯಾಗಿ ಸೇರಿದೆಯೇ ಎಂದು ನೋಡಿಕೊಳ್ಳಬೇಕು.

ಹೊಸ ಪಟ್ಟಿ ಬಂದ ಮೇಲೆ ಯಂತ್ರ ಒಮ್ಮೆಯೂ ಸತ್ತಿಲ್ಲ. ಆದರೆ ಆ ಐದಾರು ವಾರಗಳಲ್ಲಿ ಡಿಸ್ಕಿಗೆ ಹೋದದ್ದೆಲ್ಲ ಅದೇ ಕೆಟ್ಟ ಮೆಮೊರಿಯ ಮೂಲಕ ಹಾದು ಹೋಗಿತ್ತು. ಕ್ಯಾಮೆರಾದ ಕಾರ್ಡಿನಲ್ಲಿ ಮೂಲ ಉಳಿದಿದ್ದ ಫೋಟೋಗಳನ್ನು ಹೋಲಿಸಿದಾಗ ಹನ್ನೊಂದು ಕಡತಗಳು ಹೊಂದಲಿಲ್ಲ. ಮೂಲ ಅಳಿಸಿದ್ದವುಗಳಲ್ಲಿ ಎಷ್ಟು ಕೆಟ್ಟಿವೆ ಎಂದು ಈಗಲೂ ಒಂದೊಂದಾಗಿ ತೆರೆದು ನೋಡುತ್ತಿದ್ದೇನೆ.